ಕುಂಕುಮ ಹಚ್ಚಿದ ಕಾರ್ಡ್

"ಗಾಡಿ ಎಲ್ಲಿ?"

ವ್ಹೀಲ್ ಪಾನಾ ನನ್ನ ಮೂಗಿನ ತುದಿಗೆ ಬಂದು ನಿಂತಿತ್ತು. ಅದು ನನ್ನದೇ ಪಾನಾ! ನನ್ನ ಗಾಡಿಯ ಟೂಲ್ ಬಾಕ್ಸಿನಿಂದಲೇ ಎತ್ತಿಕೊಂಡದ್ದು. ಹೊಡೆಯುವುದಾದರೆ ಸ್ವಂತದ್ದು ತರಬೇಕಪ್ಪ, ಅದು ಮರ್ಯಾದೆ.

"ಯಾವ ಗಾಡಿ?"

"ನಿನ್ನೆ ಇಲ್ಲಿಂದ ಹೊತ್ಕಂಡು ಹೋದ್ಯಲ್ಲ, ಅದು. ನನ್ ಮಗಳ ಗಾಡಿ. ನೀಲಿ ಭೇರುಂಡ ಬೈಕು."

ಬೆಳಗಿನ ಹೊತ್ತು, ಹಳದೀಪುರ ಸ್ಟಾಪು. ನನ್ನ ಟೋಯಿಂಗ್ ಗಾಡಿಯನ್ನು ಏಳೆಂಟು ಜನ ಸುತ್ತುವರಿದಿದ್ದರು. ಒಬ್ಬ ಬಾನೆಟ್ ಮೇಲೆ ಕೂತಿದ್ದ. ಇನ್ನೊಬ್ಬ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗಾಳಿ ಬಿಡಲು ಅಪ್ಪಣೆ ಕಾಯುತ್ತಿದ್ದ. ಪಾನಾ ಹಿಡಿದವನ ಹೆಸರು ಈರಪ್ಪ. ತೆಂಗಿನ ಮರ ಹತ್ತಿ ಹತ್ತಿ ಗಟ್ಟಿಯಾದ ತೋಳು. ಅದನ್ನು ಬೀಸಿದರೆ ನನಗೊಂದು ಮೂಗಿತ್ತು ಎಂಬುದಕ್ಕೆ ಆಧಾರ್ ಕಾರ್ಡಿನ ಫೋಟೋ ಒಂದೇ ಸಾಕ್ಷಿ.

ನನಗೆ ಹೆದರಿಕೆಯಾಯಿತು. ಸುಳ್ಳು ಹೇಳುವುದಿಲ್ಲ. ಆದರೆ ಈ ಲೈನಿನಲ್ಲಿ ಹೆದರಿಕೆ ತೋರಿಸಿದರೆ ಮುಗಿಯಿತು.

"ಈರಪ್ಪಣ್ಣ, ಅದು ಕೆಟ್ಟು ನಿಂತಿದೆ ಅಂತ ಕಂಪನಿಯಿಂದ ಕಾಲ್ ಬಂತು. ಎತ್ತಿದೆ. ಭಟ್ಕಳದ ವರ್ಕ್‌ಶಾಪ್ ಎದುರಿಗೆ ಇಳಿಸಿದೆ. ನನ್ನ ಕೆಲಸ ಅಷ್ಟೆ."

"ಕೆಡೂದು ಎಲ್ಲಿಂದ ಬಂತು? ಮೊನ್ನೆ ಬಂದ ಗಾಡಿ. ಮಗಳು ಇಲ್ಲಿ ನಿಲ್ಸಿ, ಬಸ್ಸಿಗೆ ಕುಮಟೆಗೆ ಕೆಲಸಕ್ಕೆ ಹೋಗಿದ್ಲು."

"ಗಾಡಿ ಇದ್ದೂ ಬಸ್ಸಿಗೆ ಎಂತಕ್ಕೆ?"

"ಹೊಸಾ ಗಾಡಿ ಹೈವೇಗೆ ಹಾಕ್ತ್ರಾ ಯಾರಾದ್ರೂ?"

ನೋಡಿ! ನೀವು ಹೊರಗಿನವರು, ನಿಮಗೆ ಇದು ತಿಳಿಯುವುದಿಲ್ಲ. ನಿಮ್ಮ ಬೈಕು ಈಗ ನನ್ನ ಗಾಡಿಯ ಬೆನ್ನ ಮೇಲಿದೆ, ಕುಮಟೆ ತಲುಪುವವರೆಗೆ ಸಮಯವಿದೆ, ಅದಕ್ಕೇ ಹೇಳುತ್ತೇನೆ. ನಮ್ಮ ಕಡೆಯವರು ಬೈಕು ಕೊಳ್ಳುವುದು ಹೆದ್ದಾರಿಯವರೆಗೆ ಬರಲಿಕ್ಕೆ. ಅಲ್ಲಿಂದ ಮುಂದೆ ಬಸ್ಸು! ಲಾರಿಗಳ ನಡುವೆ ಹೊಸ ಪೇಂಟಿಗೆ ಗೀಚು ಬಿದ್ದರೆ ಎಂದು ಜೀವ ಹೋಗುತ್ತದೆ. ಸ್ವಂತ ಮೈಗೆ ಬಿದ್ದರೆ ಅಷ್ಟು ತೊಂದರೆಯಿಲ್ಲ.

ನಾನು ಶರ್ಮಿಳಾ. ಭೇರುಂಡ ಕಂಪನಿಯ ಬೈಕೋ ಸ್ಕೂಟರೋ ಕೊಂಡವರಿಗೆ ಒಂದು ಬ್ರೇಕ್‌ಡೌನ್ ಕಾರ್ಡ್ ಕೊಡುತ್ತಾರೆ. ಎರಡು ವರ್ಷ ಗಾಡಿ ಎಲ್ಲಿ ಕೆಟ್ಟು ನಿಂತರೂ ಪುಕ್ಕಟೆ ಎತ್ತಿ, ನೀವು ಹೇಳಿದ ವರ್ಕ್‌ಶಾಪಿಗೆ ಬಿಡಬೇಕು. ಕುಮಟೆಯಿಂದ ಭಟ್ಕಳದವರೆಗೆ ಹಾಗೆ ಎತ್ತುವವಳು ನಾನು. ಭಟ್ಕಳದಿಂದ ಆಚೆಗೆ ಒಯ್ಯುವುದಾದರೆ ಬೈಂದೂರಿನ ದೇವರಾಜನ ಗಡಿ, ಅವನದೂ ಇದೇ ಕೆಲಸ. ಕಾಲ್ ಸೆಂಟರಿಗೆ ಫೋನ್ ಮಾಡಿ ಕಾರ್ಡ್ ನಂಬರ್, ಮಾಲೀಕನ ಹೆಸರು, ಗಾಡಿ ನಿಂತ ಜಾಗ ಹೇಳಿದರೆ ಸಾಕು. ನಾನು ಹಾಜರ್.

ಅದನ್ನೇ ಯಾರೋ ಚೆನ್ನಾಗಿ ಕಲಿತುಕೊಂಡಿದ್ದ.

ಫೋನ್ ಬಡಿಯಿತು. ಕಂಪನಿಯ ಮ್ಯಾನೇಜರ್ ನರೇಶ.

"ಮೇಡಂ, ಇದು ಮೂರನೇ ಕಂಪ್ಲೇಂಟ್. ಸಂತೆಗುಳಿ, ಇಡಗುಂಜಿ, ಈಗ ಹಳದೀಪುರ. ಮೂರೂ ಗಾಡಿ ಎತ್ತಿದ್ದು ನೀವು. ಮೂರೂ ನಾಪತ್ತೆ."

"ನಾನು ಇಳಿಸಿದ್ದಕ್ಕೆ ಫೋಟೋ ಇದೆ."

"ಫೋಟೋ ಆದ್ಮೇಲೆ ಗಾಡಿ ಎಲ್ಲಿ ಹೋಯ್ತು? ನಾಳೆ ಬೆಳಿಗ್ಗೆ ಪೊಲೀಸರಿಗೆ ನಿಮ್ಮ ಹೆಸರೇ ಕೊಡಬೇಕಾಗ್ತದೆ. ಕಾಂಟ್ರಾಕ್ಟೂ ಅಷ್ಟೇ. ಸಾರಿ ಮೇಡಂ."

ಸಾರಿ ಎಂದು ಎಷ್ಟು ಸಲೀಸಾಗಿ ಹೇಳಿದ! ಮದುವೆಯ ಬಳೆ ಮಾರಿ ಕೊಂಡ ಗಾಡಿ ಇದು. ಗಂಡ ಬಿಟ್ಟು ಹೋದಾಗ ನಾನು ಅಳಲಿಲ್ಲ. ಈ ಗಾಡಿ ಹೋದರೆ ಅಳುತ್ತೇನೆ, ಬೇಕಾದರೆ ಬರೆದುಕೊಳ್ಳಿ.

ತಿರುಗಿ ನೋಡಿದರೆ ಈರಪ್ಪ ನನ್ನ ಗಾಡಿಯ ಕೀಯನ್ನು ತನ್ನ ಸೊಂಟದ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ.

"ಎಂತ ಮಾಡ್ತಾ ಇದ್ದೀರಿ?"

"ನನ್ ಗಾಡಿ ತಂದ್ಕೊಡು. ನಿನ್ ಗಾಡಿ ತಕಂಡ್ ಹೋಗು. ಆತು?"

ಉಡಿದಾರಕ್ಕೆ ಕಟ್ಟಿದ ಕೀ ಕಸಿದುಕೊಳ್ಳುವುದು ಹೇಗೆ, ನೀವೇ ಹೇಳಿ. ನಾನು ಗಟ್ಟಿಗಿತ್ತಿಯೇ ಸರಿ, ಆದರೂ ಒಂದು ಮಿತಿ ಇದೆ.

"ಆತು," ಎಂದೆ. "ಮೊದಲು ಮಗಳ ಹತ್ತಿರ ಮಾತಾಡಬೇಕು."

ಸ್ಟಾಪಿನಿಂದ ತೋಟದ ದಾರಿಯಲ್ಲಿ ಸುಮಾರು ದೂರ ಒಳಗೆ ಹೋದರೆ ಈರಪ್ಪನ ಮನೆ. ಮಗಳು ಧನ್ಯಶ್ರೀ ಕುಮಟೆಯ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಗರ್ಲ್. ಅಂದು ಕೆಲಸಕ್ಕೆ ಹೋಗದೆ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ತಾಯಿ ಸೀತೆ ನನಗೆ ನೀರು ಕೊಟ್ಟಳು. ಮನೆಗೆ ಬಂದವರಿಗೆ ನೀರಿನ ಜೊತೆ ಕೊಡುವ ಬೆಲ್ಲ ಕೊಡಲಿಲ್ಲ. ಕಳ್ಳಿಗೆ ನೀರೇ ಹೆಚ್ಚು ಎಂದು ಮುಖದಲ್ಲಿ ಬರೆದಿತ್ತು.

"ಕಾರ್ಡ್ ಯಾರಿಗೆ ಕೊಟ್ಟಿದ್ದೆ ತಂಗಿ?"

"ಯಾರಿಗೂ ಇಲ್ಲ ಅಕ್ಕ. ದೇವರ ಕೋಣೇಲೇ ಇದೆ."

"ದೇವರ ಕೋಣೇಲಿ?"

"ಪೂಜೆ ಆದದ್ದಲ್ದಾ, ಎಲ್ಲೆಲ್ಲೋ ಬಿಸಾಕೂಕೆ ಆಗ್ತದಾ?"

ಪೂಜೆ!

"ಪೂಜೆ ಫೋಟೋ ಇದ್ದರೆ ತೋರಿಸು."

ತೋರಿಸಿದಳು. ಇಡಗುಂಜಿ ಗಣಪತಿ ದೇವಸ್ಥಾನದ ಎದುರು ತೆಗೆದದ್ದು. ನೀಲಿ ಬೈಕು, ಸೇವಂತಿಗೆ ಮಾಲೆ, ಚಕ್ರದ ಕೆಳಗೆ ಲಿಂಬೆಹಣ್ಣು. ಸೀಟಿನ ಮೇಲೆ ಗಾಡಿಯ ಜೊತೆ ಬಂದದ್ದೆಲ್ಲ ಸಾಲಾಗಿ ಇಟ್ಟಿದ್ದರು. ಎರಡು ಕೀ, ಇನ್ಶೂರೆನ್ಸ್ ಕಾಗದ, ಪಂಕ್ಚರ್ ಕಿಟ್... ನಟ್ಟ ನಡುವೆ ನಮ್ಮ ಬ್ರೇಕ್‌ಡೌನ್ ಕಾರ್ಡ್! ಎಲ್ಲಕ್ಕೂ ಕುಂಕುಮ. ಕಾರ್ಡಿನ ಮೇಲಿನ ಮೂಲೆಯಲ್ಲಿ ಬೊಟ್ಟು, ಕೆಳಗೆ ನಂಬರೂ ಹೆಸರೂ ಕನ್ನಡಕವಿಲ್ಲದೆ ಓದುವಷ್ಟು ಸ್ಪಷ್ಟ.

"ಈ ಫೋಟೋ ಎಲ್ಲಿ ಹಾಕಿದ್ದೆ?"

"ಸ್ಟೇಟಸ್ಸಿಗೆ."

"ಎಷ್ಟು ಜನ ನೋಡಿದರು?"

"ಎಲ್ಲಾರೂ," ಎಂದಳು. ಆ ದುಃಖದಲ್ಲೂ ಸ್ವಲ್ಪ ಹೆಮ್ಮೆ ಇತ್ತು.

ಸಂತೆಗುಳಿಯವರಿಗೂ ಇಡಗುಂಜಿಯವರಿಗೂ ಫೋನ್ ಮಾಡಿದೆ. ಅಲ್ಲೂ ಅದೇ ಕತೆ. ಗಾಡಿಗೆ ಪೂಜೆ, ಕಾರ್ಡಿಗೆ ಕುಂಕುಮ, ಫೋಟೋ ಸ್ಟೇಟಸ್ಸಿಗೆ. ಬೇರೆ ಊರಿನವರು ಕಾರ್ಡನ್ನು ಪರ್ಸಿನಲ್ಲಿಟ್ಟು ಮರೆಯುತ್ತಾರೆ. ನಮ್ಮವರು ಅದನ್ನು ದೇವರಿಗೂ ತೋರಿಸಿ, ಕಳ್ಳನಿಗೂ ತೋರಿಸಿದ್ದರು.

ಅಂದರೆ ಕಳ್ಳ ಮೂರೂ ಮನೆಯವರ ಫೋನಿನಲ್ಲಿರುವವನು. ಯಾರು? ಸ್ಟೇಟಸ್ ಒಂದು ದಿನಕ್ಕೆ ಅಳಿಸಿಹೋಗುತ್ತದೆ, ನೋಡಿದವರ ಹೆಸರೂ ಅದರ ಜೊತೆಗೇ ಹೋಗುತ್ತದೆ. ಹುಡುಕುತ್ತಾ ಕೂತರೆ ನಾಳೆ ಬೆಳಿಗ್ಗೆ ನಾನು ಠಾಣೆಯಲ್ಲಿ. ಕಳ್ಳನೇ ಹುಡುಕಿಕೊಂಡು ಬರಬೇಕು.

"ಸೀತಕ್ಕ, ಈ ಕೇರೀಲಿ ಇನ್ನೊಂದು ಭೇರುಂಡ ಇದ್ಯಾ?"

"ನನ್ ತಮ್ಮಂದು ಇದೆ. ತಿಮ್ಮಪ್ಪಂದು. ಹೋದ್ವರ್ಷದ್ದು."

"ಕರೀರಿ."

ತಿಮ್ಮಪ್ಪ ಬಂದ. ಕೆಂಪು ಬೈಕು, ಮೈತುಂಬಾ ಕೆಸರು. ಅಕ್ಕ ಬೈದಳು, ಅವನು ತೊಳೆದ. ಅಂಗಳದಲ್ಲಿ ನಿಲ್ಲಿಸಿ ಮಾಲೆ ಹಾಕಿದೆವು. ತುಳಸಿಕಟ್ಟೆಯ ಕುಂಕುಮ ಹಚ್ಚಿದೆವು. ಕಾರ್ಡನ್ನು ಟ್ಯಾಂಕಿನ ಮೇಲೆ ನೆಟ್ಟಗೆ ನಿಲ್ಲಿಸಿ, ನಂಬರ್ ಕಾಣುವಂತೆ ನಾನೇ ಫೋಟೋ ಹೊಡೆದೆ. ಸೀತೆಗೆ ಮಾತ್ರ ಕಸಿವಿಸಿ.

"ಕಳ್ಳಂಗೋಸ್ಕರ ಪೂಜೆ ಮಾಡ್ರೆ ಪಾಪ ಬತ್ತದಾ?"

"ನಿಜವಾದ ಕುಂಕುಮ ಅಲ್ದಾ ಅಕ್ಕ, ಪುಣ್ಯವೇ ಬರ್ತದೆ."

ಧನ್ಯಶ್ರೀ ಆ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿ ಬರೆದಳು. "ಒಂದು ಹೋದರೆ ಇನ್ನೊಂದು. ಮಾವನ ಗಾಡಿ ಈಗ ನನ್ನದು. ಹಳದೀಪುರ ಸ್ಟಾಪಲ್ಲಿಟ್ಟು ಕುಮಟೆಗೆ ಹೊರಟೆ." ಬೈಕನ್ನು ಸ್ಟಾಪಿನಲ್ಲಿ ಬಿಟ್ಟು ಎಲ್ಲರೂ ಮನೆಯೊಳಗೆ ಕೂತೆವು. ಈರಪ್ಪ ಮಾತ್ರ ಐದು ನಿಮಿಷಕ್ಕೊಮ್ಮೆ ಸೊಂಟ ಮುಟ್ಟಿಕೊಳ್ಳುತ್ತಿದ್ದ. ಕೀ ಇದೆಯೋ ಇಲ್ಲವೋ ಎಂದು.

ಕಳ್ಳ ನಮ್ಮನ್ನು ಕಾಯಿಸಲಿಲ್ಲ. ಮಾವಿನಕಾಯಿ ಗೊಜ್ಜಿನಲ್ಲಿ ಅನ್ನ ಕಲಸುತ್ತಿದ್ದೆ. ಫೋನ್ ಟಣ್ ಎಂದಿತು.

ಹೊಸ ಜಾಬ್. ಗ್ರಾಹಕ: ತಿಮ್ಮಪ್ಪ. ಗಾಡಿ: ಕೆಂಪು ಭೇರುಂಡ. ಜಾಗ: ಹಳದೀಪುರ ಸ್ಟಾಪ್. ಬಿಡಬೇಕಾದ್ದು: ಭಟ್ಕಳ ವರ್ಕ್‌ಶಾಪ್. ಸವಾರ ಸ್ಥಳದಲ್ಲಿಲ್ಲ.

ತಿಮ್ಮಪ್ಪ ನನ್ನ ಎದುರಿಗೇ ಕೂತು ಮೂರನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ.

"ತಿಮ್ಮಪ್ಪಣ್ಣ, ನಿಮ್ಮ ಗಾಡಿ ಕೆಟ್ಟಿದೆಯಂತೆ."

"ಹೌದಾ?" ಎಂದು ಪಾಪ ಗಾಬರಿಯಿಂದ ಎದ್ದೇಬಿಟ್ಟ.

ಹೊರಟೆವು. ಈರಪ್ಪ ಕೀ ಬಿಚ್ಚಿ ಕೊಟ್ಟ, ಆದರೆ ಕರಾರು ಹಾಕಿದ. ಗಾಡಿ ನಿಂತ ಕೂಡಲೇ ಕೀ ವಾಪಸ್! ಅವನು ನನ್ನ ಪಕ್ಕದ ಸೀಟಿನಲ್ಲಿ. ಹಿಂದೆ ಬೈಕು, ಅದರ ಸುತ್ತ ತಾಡಪಾಲು, ತಾಡಪಾಲಿನ ಕೆಳಗೆ ಸೀತೆ, ಧನ್ಯಶ್ರೀ, ತಿಮ್ಮಪ್ಪ. ಹಿಂದೆ ಜನ ಕೂರಿಸಬಾರದು ಎಂದು ಕಂಪನಿಯ ಕಟ್ಟುನಿಟ್ಟು. ನಾನು ಜನ ಕೂರಿಸಲಿಲ್ಲ, ಮಲಗಿಸಿದ್ದೆ.

ಹೊನ್ನಾವರ ದಾಟಿತು. ಶರಾವತಿ ಸೇತುವೆ ದಾಟಿತು. ಈರಪ್ಪ ಮೊದಲ ಸಲ ಮೆತ್ತಗೆ ಮಾತಾಡಿದ.

"ಆ ಗಾಡಿ ಅವ್ಳೇ ದುಡಿದು ತಕಂಡದ್ದು. ನಾ ಒಂದ್ ಪೈಸೆ ಕೊಡ್ಲಿಲ್ಲ. ಕೇಳ್ಲೂ ಇಲ್ಲ ಅದು."

"ಸಿಗ್ತದೆ ಅಣ್ಣ."

"ಸಿಗದಿದ್ರೆ ನಿನ್ ಗಾಡಿ ನಾ ಇಟ್ಕಂಡ್ ಎಂತ ಮಾಡೂದು? ನಂಗೆ ಬಿಡೂಕೇ ಬರ್ತಿಲ್ಲ."

ಅಷ್ಟು ಹೊತ್ತು ಅವನ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು.

ಭಟ್ಕಳ ತಲುಪಿದಾಗ ವರ್ಕ್‌ಶಾಪ್ ಶಟರ್ ಎಳೆದಿತ್ತು, ಊಟದ ಬಿಡುವು ಇನ್ನೂ ಮುಗಿದಿರಲಿಲ್ಲ. ನಿನ್ನೆಯೂ ಹೀಗೇ ಇತ್ತು. ಹೊರಗೆ ಸಾಲಾಗಿ ನಿಲ್ಲಿಸಿದ ಬೈಕುಗಳ ಕೊನೆಗೆ ಕೆಂಪು ಭೇರುಂಡ ಇಳಿಸಿ, ಫೋಟೋ ಹೊಡೆದು ಕಳಿಸಿ, ನನ್ನ ಗಾಡಿಯನ್ನು ಹಿಂದಿನ ಓಣಿಗೆ ತಂದು ನಿಲ್ಲಿಸಿದೆ. ಈರಪ್ಪ ಕೈ ಚಾಚಿದ. ಕೀ ಮತ್ತೆ ಉಡಿದಾರಕ್ಕೆ ಹೋಯಿತು. ಎಲ್ಲರೂ ವರ್ಕ್‌ಶಾಪಿನ ಪಕ್ಕದ ಗೋಡೆಯ ಮರೆಯಲ್ಲಿ ನಿಂತೆವು.

ಬಂದ!

ಭೇರುಂಡ ಸ್ಕೂಟರ್ ಮೇಲೆ ಒಬ್ಬ ತೆಳ್ಳಗಿನ ಯುವಕ. ಹೆಗಲಲ್ಲಿ ಚೀಲ. ಸ್ಕೂಟರನ್ನು ನಮ್ಮ ಗೋಡೆಯ ತುದಿಯಲ್ಲೇ ನಿಲ್ಲಿಸಿ ಕೆಂಪು ಬೈಕಿನ ಕಡೆ ಹೋದ. ಕುಕ್ಕರುಗಾಲಲ್ಲಿ ಕೂತ. ಚೀಲದಿಂದ ಕಟರ್ ತೆಗೆದ, ರೇಡಿಯಂ ಶೀಟ್ ತೆಗೆದ. ಹಳೆ ನಂಬರ್ ಕೆರೆದು ಹೊಸ ನಂಬರ್ ಅಂಟಿಸತೊಡಗಿದ. ಏನು ಕೈಚಳಕ! ಅಂಕಿಗಳು ನೂಲು ಹಿಡಿದಂತೆ ಕೂತವು.

ಸೀತೆ ನನ್ನ ತೋಳು ಹಿಂಡಿದಳು. "ಇವ್ನಾ! ಹೊನ್ನಾವರದ ಸ್ಟಿಕರ್ ಅಂಗ್ಡಿ ಶಿಶಿರ. ನಮ್ ಗಾಡಿಗೆ 'ಮಹಾಗಣಪತಿ ಪ್ರಸನ್ನ' ಬರ್ದವ ಇವ್ನೇಯ."

ಧನ್ಯಶ್ರೀ ತಲೆಯಾಡಿಸಿದಳು. "ಡಿಸೈನ್ ವಾಟ್ಸಾಪಲ್ಲಿ ಕಳ್ಸೂಕೆ ನಂಬರ್ ಇಸ್ಕಂಡಿದ್ದ."

ಸರಿಹೋಯಿತು. ಹೊಸ ಗಾಡಿ ಕೊಂಡವರೆಲ್ಲ ಹೋಗುವ ಅಂಗಡಿ. ಎಲ್ಲರ ಫೋನಿನಲ್ಲೂ ಅವನು, ಎಲ್ಲರ ಸ್ಟೇಟಸ್ಸೂ ಅವನಿಗೆ.

ಅಂಟಿಸಿ ಮುಗಿಸಿದವನೇ ಫೋನ್ ತೆಗೆದ. ಮಾತು ನನಗೆ ಕೇಳಿಸಿತು.

"ಹಲೋ, ಭೇರುಂಡ ಹೆಲ್ಪ್‌ಲೈನಾ? ನನ್ನ ಗಾಡಿ ಭಟ್ಕಳದಲ್ಲಿ ಕೆಟ್ಟಿದೆ. ಬೈಂದೂರಿಗೆ ಬಿಡ್ಬೇಕಾಗಿತ್ತು..."

ಹೇಳಿದ್ದು ಇನ್ಯಾರದೋ ಕಾರ್ಡ್ ನಂಬರ್. ಬೈಕಿಗೆ ಅಂಟಿಸಿದ್ದು ಅದೇ ಕಾರ್ಡಿನ ಗಾಡಿ ನಂಬರ್!

ನನಗೆ ಸಿಟ್ಟೂ ಬಂತು, ನಗುವೂ ಬಂತು. ಹಳದೀಪುರದಿಂದ ಭಟ್ಕಳಕ್ಕೆ ನಾನು ಹೊತ್ತು ತರುತ್ತೇನೆ. ಭಟ್ಕಳದಿಂದ ಆಚೆಗೆ ದೇವರಾಜ ಹೊತ್ತು ಹೋಗುತ್ತಾನೆ. ಗಡಿ ಬದಲು, ನಂಬರ್ ಬದಲು, ಯಾರಿಗೂ ಅನುಮಾನವಿಲ್ಲ. ಕದ್ದ ಮಾಲಿಗೆ ಕಂಪನಿಯದೇ ಸಾಗಾಟ! ಒಂದು ತೊಟ್ಟು ಪೆಟ್ರೋಲ್ ಖರ್ಚಿಲ್ಲದೆ ಬೈಕು ಕದಿಯುವವನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅವನು ಫೋನಿನಲ್ಲಿದ್ದಾಗಲೇ ನಾನು ಬಗ್ಗಿ ಅವನ ಸ್ಕೂಟರಿನ ಬಳಿ ಹೋದೆ. ಪ್ಲಗ್ ಕ್ಯಾಪನ್ನು ಅರ್ಧ ಎಳೆದುಬಿಟ್ಟೆ, ಸ್ವಲ್ಪ ದೂರ ಓಡಿ ನಿಲ್ಲಲಿ ಎಂದು. ಪೂರ್ತಿ ಕಿತ್ತರೆ ಸ್ಟಾರ್ಟ್ ಆಗುವುದಿಲ್ಲ, ಅವನು ಓಡಿ ಓಣಿಗಳಲ್ಲಿ ಮಾಯವಾಗುತ್ತಾನೆ. ಓಣಿಯಲ್ಲಿ ಓಡುವವನನ್ನು ಹಿಡಿಯುವುದು ನನ್ನಿಂದಾಗದು. ಹೆದ್ದಾರಿಯಲ್ಲಿ ಕೆಟ್ಟು ನಿಂತವನನ್ನು ಹುಡುಕುವುದು ನನ್ನ ಹೊಟ್ಟೆಪಾಡು.

ದೇವರಾಜನಿಗೆ ಫೋನ್ ಹಚ್ಚಿದೆ.

"ದೇವರಾಜಣ್ಣ, ನಿನ್ನೆ ಭಟ್ಕಳದಿಂದ ನೀಲಿ ಭೇರುಂಡ ಎತ್ತಿದ್ದೀರಾ?"

"ಎತ್ತಿದ್ದೆ ಮಾರಾಯ್ತಿ. ಇಳಿಸ್ಕೊಳ್ಳೂಕೆ ಬರ್ತೆ ಅಂದವ ಬರ್ಲೇ ಇಲ್ಲ. ನನ್ನ ಅಂಗಳದಲ್ಲೇ ಇದೆ."

"ಯಾರಿಗೂ ಕೊಡಬೇಡಿ!"

ಈ ಒಂದು ಮಾತು ಜೋರಾಯಿತು. ಅಂಗಳದಲ್ಲೇ ಇದೆ ಎಂದದ್ದು ಈರಪ್ಪನ ಕಿವಿಗೂ ಬಿತ್ತು. ಅವನಿಗೆ ತಡೆಯಲಾಗಲಿಲ್ಲ. ಪಾನಾ ಎತ್ತಿಕೊಂಡು ಗೋಡೆಯಾಚೆಗೆ ಹಾರಿಬಿಟ್ಟ.

"ಏ ಬೋಳಿಮಗ್ನೇ!"

ಶಿಶಿರ ತಿರುಗಿ ನೋಡಿದ. ಪಾನಾ ನೋಡಿದ. ಚೀಲ ಬಾಚಿಕೊಂಡು ಸ್ಕೂಟರ್ ಹತ್ತಿ ಕಂಬಿ ಕಿತ್ತ!

ಸ್ಕೂಟರ್ ಹೊನ್ನಾವರದ ದಿಕ್ಕಿಗೆ ಓಡಿತು. ಅದರ ಹಿಂದೆ ಈರಪ್ಪ, ಪಾನಾ ಬೀಸುತ್ತ. ಈರಪ್ಪನ ಹಿಂದೆ ನಾನು.

ನಾನೇಕೆ? ಗಾಡಿಯ ಕೀ ಅವನ ಸೊಂಟದಲ್ಲಿತ್ತಲ್ಲ!

"ಈರಪ್ಪಣ್ಣ, ನಿಲ್ಲಿ! ಕೀ ಕೊಡಿ!"

"ಹಿಡಿತೆ, ಹಿಡಿತೆ!"

ಐವತ್ತೆಂಟರ ಮುದುಕ, ಏನು ಓಟ! ಒಂದು ರಿಕ್ಷಾ ಪಕ್ಕಕ್ಕೆ ಸರಿಯಿತು. ಒಂದು ಮೀನಿನ ಗಾಡಿ ಬ್ರೇಕ್ ಹಾಕಿತು. ಜನ ನನ್ನನ್ನು ನೋಡಿ ಏನೆಂದುಕೊಂಡರೋ... ಗಂಡಸಿನ ಉಡಿದಾರಕ್ಕೆ ಕೈ ಹಾಕಲು ಹೆದ್ದಾರಿಯಲ್ಲಿ ಓಡುವ ಹೆಂಗಸು! ಪೆಟ್ರೋಲ್ ಬಂಕ್ ಹತ್ತಿರ ಅವನು ಉಸಿರು ಕಟ್ಟಿ ನಿಂತ. ಕೀ ಕಿತ್ತುಕೊಂಡೆ. ಹೌದು, ಉಡಿದಾರದ ಸಮೇತ.

ವಾಪಸ್ ಬಂದು ತಿಮ್ಮಪ್ಪನನ್ನು ಅವನ ಬೈಕಿನ ಕಾವಲಿಗೆ ಬಿಟ್ಟೆ. ಉಳಿದ ಮೂವರನ್ನು ತಾಡಪಾಲಿನ ಕೆಳಗೆ ತುರುಕಿ ಗಾಡಿ ತೆಗೆದೆ. ಸ್ಕೂಟರ್ ಕಣ್ಣಿಗೆ ಕಾಣಲಿಲ್ಲ. ಪರವಾಗಿಲ್ಲ. ನಿಧಾನ ಹೋದೆ.

ಶಿರಾಲಿ ಬರುವಷ್ಟರಲ್ಲಿ ಫೋನ್ ಟಣ್ ಎಂದಿತು.

ಹೊಸ ಜಾಬ್. ಗ್ರಾಹಕ: ಶಿಶಿರ. ಗಾಡಿ: ಭೇರುಂಡ ಸ್ಕೂಟರ್. ಜಾಗ: ಮುರುಡೇಶ್ವರ ಕ್ರಾಸ್. ಬಿಡಬೇಕಾದ್ದು: ಹೊನ್ನಾವರ. ಸವಾರ ಸ್ಥಳದಲ್ಲಿದ್ದಾರೆ.

ಅವನು ನೋಡಿದ್ದು ಈರಪ್ಪನನ್ನು ಮಾತ್ರ, ನನ್ನನ್ನಲ್ಲ. ನಾನು ಅವನ ಲೆಕ್ಕದಲ್ಲಿ ಹೇಳಿದ್ದನ್ನು ಹೊತ್ತು ತರುವ ದಡ್ಡಿ. ಜೊತೆಗೆ ರಿಕ್ಷಾ ಹಿಡಿದು ಓಡಬೇಕು ಎಂದರೆ ದುಡ್ಡು ಬಿಚ್ಚಬೇಕು. ಪುಕ್ಕಟೆ ಸೇವೆಗೆ ಅಷ್ಟು ಒಗ್ಗಿಹೋಗಿದ್ದ!

ಕ್ರಾಸಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಬೇಗ ಬಂದ್ರಿ ಅಕ್ಕ."

"ನಮ್ಮ ಸರ್ವಿಸೇ ಹಾಗೆ. ನೀವು ಕ್ಯಾಬಿನ್‌ನಲ್ಲಿ ಕೂತುಕೊಳ್ಳಿ, ಬಿಸಿಲು."

ಸ್ಕೂಟರನ್ನು ಹಿಂದೆ ಏರಿಸಿ ಬೆಲ್ಟ್ ಬಿಗಿದೆ. ಹೊರಟೆ. ಸ್ವಲ್ಪ ದೂರ ಹೋದೆವು. ಆಮೇಲೆ ಅವನು ಹಿಂದಿನ ಗಾಜಿನಿಂದ ನೋಡಿದ.

"ತಾಡಪಾಲಿನ ಕೆಳಗೆ ಎಂತ ಇದೆ?"

"ಗೊಬ್ಬರ."

ಗೊಬ್ಬರ ಕೆಮ್ಮಿತು.

ಅವನು ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ. ಗೊಬ್ಬರ ಇನ್ನೊಮ್ಮೆ ಕೆಮ್ಮಿತು. ಸೀತೆಗೆ ಧೂಳು ಆಗಿಬರುವುದಿಲ್ಲವಂತೆ, ಅದನ್ನು ಮೊದಲೇ ಹೇಳಬಾರದೇ?

ಚಕ್ಕನೆ ಕಟರ್ ನನ್ನ ಕುತ್ತಿಗೆಗೆ ಬಂತು. ರೇಡಿಯಂ ಕತ್ತರಿಸುವ ಬ್ಲೇಡು, ತಣ್ಣಗಿತ್ತು. ಈ ಸಲ ನಿಜವಾಗಿಯೂ ಹೆದರಿದೆ, ಆದರೆ ಸ್ಟೀರಿಂಗ್ ಬಿಡಲಿಲ್ಲ.

"ಗಾಡಿ ನಿಲ್ಸು. ಇಳಿದು ಹೋಗ್ತೆ. ನೀ ನನ್ನ ನೋಡಿಲ್ಲ."

"ಹೊನ್ನಾವರಕ್ಕೆ ಬಿಡಬೇಕಾಗಿತ್ತಲ್ಲ."

"ನಿಲ್ಸು ಅಂದೆ!"

"ನಿಮ್ಮ ಕೈ ನಡುಗ್ತಾ ಇದೆ ಶಿಶಿರ. ನಂಬರ್ ಅಂಟಿಸುವಾಗ ನಡುಗಲಿಲ್ಲ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನ ಗಾಜು ಸರ್ರನೆ ಸರಿಯಿತು. ಬಳೆ ತೊಟ್ಟ ಒಂದು ಕೈ ಒಳಗೆ ಬಂತು. ಬಂದು ಅವನ ಕಿವಿಯನ್ನು ಹಿಡಿದು ತಿರುಚಿತು. ಶಾಲೆಯಲ್ಲಿ ಮೇಷ್ಟರು ಹಿಡಿಯುತ್ತಿದ್ದರಲ್ಲ, ಹಾಗೆ. ಕಟರ್ ಕೆಳಗೆ ಬಿತ್ತು.

"ದೇವರ ಹೆಸ್ರು ಬರ್ದ ಕೈಲೇ ಕದ್ಯಾ?" ಎಂದಳು ಸೀತೆ. ಕೆಮ್ಮಿದಳು. ಕಿವಿ ಬಿಡಲಿಲ್ಲ.

ಅವಳ ಪಕ್ಕದಲ್ಲಿ ಈರಪ್ಪ ಪಾನಾ ಹಿಡಿದು ಗಾಜಿನಲ್ಲಿ ಮುಖ ತೋರಿಸಿದ. ಅಲ್ಲೇ ಯು-ಟರ್ನ್ ಹೊಡೆದು ಗಾಡಿಯನ್ನು ನೇರ ಮುರುಡೇಶ್ವರ ಠಾಣೆಯ ಅಂಗಳಕ್ಕೆ ತಂದು ನಿಲ್ಲಿಸಿದೆ. ಸವಾರ, ಸ್ಕೂಟರ್, ಚೀಲ... ಎಲ್ಲ ಇಳಿಸಿದೆ. ಚೀಲದಲ್ಲಿ ಇನ್ನೂ ಅಂಟಿಸದ ನಂಬರುಗಳಿದ್ದವು. ಸಂತೆಗುಳಿಯ ಗಾಡಿ, ಇಡಗುಂಜಿಯ ಗಾಡಿ ಯಾರಿಗೆ ಮಾರಿದ್ದೆಂದು ಕೇಳುವ ಮೊದಲೇ ಹೇಳತೊಡಗಿದ. ಸೀತೆ ಆ ಕೋಣೆಯ ಬಾಗಿಲಲ್ಲೇ ನಿಂತಿದ್ದಳು.

ಸಂಜೆ ದೇವರಾಜನ ಅಂಗಳದಿಂದ ನೀಲಿ ಭೇರುಂಡ ತಂದು ಧನ್ಯಶ್ರೀಗೆ ಒಪ್ಪಿಸಿದೆ. ಹುಡುಗಿ ಅದರ ಟ್ಯಾಂಕ್ ತಬ್ಬಿಕೊಂಡು ಅತ್ತಳು. ಸೀತೆ ನೀರು ಕೊಟ್ಟಳು. ಜೊತೆಗೆ ಈ ಸಲ ಬೆಲ್ಲ, ಬಾಳೆಹಣ್ಣು, ಒಂದು ಗೊನೆ ಎಳನೀರು. ನರೇಶ ಫೋನ್ ಮಾಡಿ ಕಾಂಟ್ರಾಕ್ಟ್ ಮುಂದುವರಿಯುತ್ತದೆ ಎಂದ. ಈ ಸಲವೂ ಸಾರಿ ಎಂದ.

ಪ್ರತಿ ಕೆಲಸ ಮುಗಿದ ಮೇಲೂ ಕಂಪನಿ ಗ್ರಾಹಕನಿಗೆ ಒಂದು ಮೆಸೇಜ್ ಕಳಿಸುತ್ತದೆ, ಸೇವೆ ಹೇಗಿತ್ತು ಎಂದು. ಶಿಶಿರನಿಗೂ ಕಳಿಸಿತು. ಪೊಲೀಸರು ಫೋನ್ ಕಿತ್ತುಕೊಳ್ಳುವ ಮೊದಲು ಆ ಪುಣ್ಯಾತ್ಮ ಉತ್ತರವನ್ನೂ ಕೊಟ್ಟಿದ್ದ.

ಒಂದೇ ಸ್ಟಾರ್! ಕಾರಣ: "ಹೇಳಿದ ಜಾಗಕ್ಕೆ ಬಿಡಲಿಲ್ಲ."